ಬ್ಯಾರನ್ ಗೋಡೆಯ ಮೇಲಿನ ಹೆಸರು

ಮೂಲ ಚಿತ್ರದಲ್ಲಿ ಅದು ಬಂದರಿನ ಕಂಟೇನರ್. ಬೇರೆ ದೇಶದ, ಬೇರೆ ಭಾಷೆಯ ಸಿನಿಮಾ ಅದು. ಬೀದಿಯಲ್ಲಿ ನಿಂತು ಪೊಟ್ಟಣದಲ್ಲಿ ಮಾದಕ ವಸ್ತು ಮಾರುವ ಒಬ್ಬನ ಕಥೆ, ಅವನು ಸರಕು ಬಚ್ಚಿಡುವ ಜಾಗ ಆ ಕಂಟೇನರ್. ಅದನ್ನು ಕನ್ನಡದಲ್ಲಿ ಮತ್ತೆ ಮಾಡಲು ಹೊರಟಿದ್ದ ನಿರ್ದೇಶಕರು ಕಥೆಯನ್ನು ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಗೆ ತಂದಿದ್ದರು. "ಬೆಂಗಳೂರಿನ ಗಲ್ಲಿ ನೋಡಿ ಜನಕ್ಕೆ ಸಾಕಾಗಿದೆ. ಹೊಸ ಮಣ್ಣು ಬೇಕು" ಎಂದಿದ್ದರು.

ನನ್ನದು ಲೊಕೇಶನ್ ಮ್ಯಾನೇಜರ್ ಕೆಲಸ. ಜಾಗ ಹುಡುಕಬೇಕು, ಒಡೆಯರನ್ನು ಒಪ್ಪಿಸಬೇಕು, ಒಪ್ಪಿಗೆ ಪತ್ರ ಮಾಡಿಸಬೇಕು, ಶೂಟಿಂಗ್ ಮುಗಿದ ಮೇಲೆ ಇದ್ದದ್ದು ಇದ್ದ ಹಾಗೆ ಒಪ್ಪಿಸಿ ಬರಬೇಕು. ತೆರೆಯ ಮೇಲೆ ನನ್ನ ಹೆಸರು ಬರುವ ಹೊತ್ತಿಗೆ ಜನ ಎದ್ದು ಹೋಗಿರುತ್ತಾರೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಜಾಗ ಕೊಟ್ಟವರಿಗೆ ಕೊಟ್ಟ ಮಾತು ನನ್ನ ಬಾಯಿಂದ ಹೋಗಿರುತ್ತದೆ, ಕಂಪನಿಯ ಬಾಯಿಂದಲ್ಲ.

ಕಂಟೇನರ್‌ಗೆ ಬದಲಾಗಿ ಏನು ಎನ್ನುವುದರ ಮೇಲೆ ಮೂರು ವಾರ ಓಡಾಡಿದೆ. ಕೃಷ್ಣರಾಜನಗರದಲ್ಲಿ ಮುಚ್ಚಿಹೋದ ಒಂದು ಅಕ್ಕಿ ಗಿರಣಿ ತೋರಿಸಿದೆ. ಕೋಟೆ ತಾಲ್ಲೂಕಿಗೆ ಹೋಗುವ ರಸ್ತೆಯಲ್ಲಿ ಒಂದು ಹಳೇ ಗೋದಾಮು ತೋರಿಸಿದೆ. ನಾನು ಫೋಟೊ ಕಳಿಸುತ್ತಿದ್ದೆ, ನಿರ್ದೇಶಕರು ತಮ್ಮ ಟ್ಯಾಬ್‌ನಲ್ಲಿ ಮೂಲ ಚಿತ್ರದ ದೃಶ್ಯ ನಿಲ್ಲಿಸಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. "ಎತ್ತರ ಸಾಲದು. ಕಿಟಕಿ ಇರಬಾರದು. ಬೆಳಕು ಮೇಲಿಂದ ಬೀಳಬೇಕು" ಎಂಬ ಉತ್ತರ ಬರುತ್ತಿತ್ತು.

ಎತ್ತರ, ಕಿಟಕಿ ಇಲ್ಲ, ಬೆಳಕು ಮೇಲಿಂದ. ಹಾಗೆಂದರೆ ನಮ್ಮ ಕಡೆ ಹುಟ್ಟಿದ ಯಾರಿಗಾದರೂ ನೆನಪಾಗುವುದು ಒಂದೇ: ಹೊಗೆಸೊಪ್ಪು ಬೇಯಿಸುವ ಬ್ಯಾರನ್. ನೋಡದವರಿಗೆ ಹೇಳುತ್ತೇನೆ. ಎರಡಾಳು ಮೂರಾಳು ಎತ್ತರದ, ಚೌಕಾಕಾರದ ಇಟ್ಟಿಗೆ ಕಟ್ಟಡ. ಒಳಗೆ ಮೇಲಿನವರೆಗೂ ಅಡ್ಡಡ್ಡ ಕಟ್ಟಿದ ಮರದ ಗಳಗಳು. ಹೊಲದಿಂದ ಮುರಿದು ತಂದ ಎಲೆಯನ್ನು ಕಡ್ಡಿಗೆ ಕಟ್ಟಿ ಆ ಗಳಗಳ ಮೇಲೆ ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಉರಿ ಹಾಕಿದರೆ ಕಾವು ದಪ್ಪ ಕೊಳವೆಗಳ ಮೂಲಕ ಒಳಗೆ ಸುತ್ತುತ್ತದೆ. ಐದಾರು ದಿನ ಆ ಕಾವನ್ನು ಹಂತಹಂತವಾಗಿ ಏರಿಸುತ್ತಾ ಹೋಗಬೇಕು. ಮೊದಲು ಎಲೆ ಹಣ್ಣಾಗಿ ಹಳದಿಯಾಗುತ್ತದೆ, ಆಮೇಲೆ ಆ ಹಳದಿ ನಿಲ್ಲುತ್ತದೆ, ಕೊನೆಗೆ ನಡುದಂಟು ಒಣಗುತ್ತದೆ. ಯಾವ ಹಂತದಲ್ಲಿ ಕಾವು ಹೆಚ್ಚುಕಡಿಮೆಯಾದರೂ ಇಡೀ ಬ್ಯಾರನ್ ಸೊಪ್ಪು ಹೋಯಿತು.

ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಥ ಬ್ಯಾರನ್ ಸಿಕ್ಕಿತು. ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಹೆಸರು ಹೊರಗೆ ಬಿದ್ದು ಆದದ್ದೇ ಸಾಕು. ಒಡತಿ ಐವತ್ತು ದಾಟಿದ ಹೆಂಗಸು, ನಾನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಬ್ಯಾರನ್ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಎರಡು ವರ್ಷ ಕಚೇರಿ ಅಲೆದಿದ್ದರು. ಸಿಕ್ಕಿದ ದಿನವೇ ಪೇಂಟರನ್ನು ಕರೆಸಿ ಒಲೆಯ ಮೇಲಿನ ಗೋಡೆಗೆ ನೀಲಿ ಬಣ್ಣದಲ್ಲಿ ತಮ್ಮ ಹೆಸರು, ಅದರ ಕೆಳಗೆ ಬ್ಯಾರನ್ ನಂಬರ್ ಬರೆಸಿದ್ದರು. ದೊಡ್ಡ ಅಕ್ಷರ. ರಸ್ತೆಯಿಂದಲೇ ಓದಬಹುದು.

"ಏನ್ ಪಿಚ್ಚರ್ ಕಣಪ್ಪ ಅದು?" ಎಂದು ಅಕ್ಕ ಕೇಳಿದರು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. "ಪೊಲೀಸ್ ಪಿಚ್ಚರ್ ಅಕ್ಕ" ಎಂದೆ. ಸುಳ್ಳೇನಲ್ಲ, ಚಿತ್ರದಲ್ಲಿ ಪೊಲೀಸರಿದ್ದರು. ಗಾಂಜಾ ಮಾರುವವನ ಕಥೆ ಎಂದರೆ ಬಾಗಿಲು ಮುಚ್ಚುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಮೂರು ವಾರದ ಓಡಾಟದಿಂದ ನನಗೂ ಸಾಕಾಗಿತ್ತು.

ಅಕ್ಕ ಬ್ಯಾರನ್ ಸುತ್ತ ಒಂದು ಸುತ್ತು ಬಂದು ಗೋಡೆಯ ಮುಂದೆ ನಿಂತರು. "ಒಳಗ್ ಬೆಂಕಿ ಹಾಕಂಗಿಲ್ಲ. ಗಳ ಎಲ್ಲ ಒಣಗ್ ಕುಂತವೆ. ಇನ್ನೊಂದು, ನನ್ ಹೆಸ್ರು, ನಂಬರ್ರು ಪಿಚ್ಚರ್‌ನಾಗೆ ಕಾಣ್ಬಾರ್ದು."

"ಕಾಣಲ್ಲ ಅಕ್ಕ, ಮುಚ್ತೀವಿ."

"ಬಾಯ್ ಮಾತ್ನಲ್ಲಿ ಬ್ಯಾಡ. ಬರ್ಕೊಡು."

ಕಂಪನಿಯ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷ್‌ನಲ್ಲಿ ಅಚ್ಚಾಗಿತ್ತು. ಅದರ ಕೊನೆಯ ಪುಟದಲ್ಲಿ ಸಹಿಗಳಿಗಿಂತ ಮೇಲೆ ನಾನು ಪೆನ್ನಿನಲ್ಲಿ ಕನ್ನಡದಲ್ಲಿ ಬರೆದೆ: "ಬ್ಯಾರನ್ ಗೋಡೆಯ ಮೇಲಿರುವ ಹೆಸರು ಮತ್ತು ನಂಬರ್ ಚಿತ್ರದ ಯಾವ ಭಾಗದಲ್ಲೂ ಕಾಣಿಸಬಾರದು." ಅಕ್ಕ ಎರಡು ಸಲ ಓದಿ ಸಹಿ ಮಾಡಿದರು. ಎರಡು ಪ್ರತಿ, ಒಂದು ಅವರ ಟ್ರಂಕಿಗೆ, ಇನ್ನೊಂದು ನನ್ನ ಫೈಲಿಗೆ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಆ ಸಂಜೆ ಬೈಲಕುಪ್ಪೆಯ ಹೋಟೆಲಿನಲ್ಲಿ ಊಟ ಮಾಡುತ್ತಲೇ ಹದಿನಾಲ್ಕು ಲೊಕೇಶನ್‌ಗಳ ಪತ್ರಕ್ಕೆ ಒಟ್ಟಿಗೆ ಸಹಿ ಹಾಕಿದರು. ಓದಲಿಲ್ಲ.

ಹೊಲದಲ್ಲಿ ನಾಟಿ ಮುಗಿದು, ಎಲೆ ಮುರಿಯಲು ಇನ್ನೂ ತಿಂಗಳಿರುವಾಗ ಬ್ಯಾರನ್‌ಗಳು ಖಾಲಿ ಇರುತ್ತವೆ. ಆ ಹೊತ್ತಿನಲ್ಲೇ ಮೂರು ದಿನದ ಶೂಟಿಂಗ್ ಇಟ್ಟುಕೊಂಡೆವು. ಜನರೇಟರನ್ನು ಹೊಲದ ಬದುವಿನ ಆಚೆ ನಿಲ್ಲಿಸಿದೆ. ವ್ಯಾನುಗಳು ಸಸಿ ತುಳಿಯದಂತೆ ಹಗ್ಗ ಕಟ್ಟಿಸಿದೆ. ಕಲಾ ವಿಭಾಗದವರು ಯಾವುದೋ ಒಣ ಕಳೆಗಿಡ ತಂದು ಪುಡಿ ಮಾಡಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗಳಗಳ ಕೆಳಗೆ ಪೇರಿಸಿದರು. ಗೋಡೆಯ ಬರಹದ ಮೇಲೆ ನಾನೇ ನಿಂತು ಗೋಣಿತಾಟು ಹೊಡೆಸಿದೆ. ಮೊದಲ ದಿನ ಚೆನ್ನಾಗಿ ನಡೆಯಿತು. ಮೇಲಿನ ಗವಾಕ್ಷಿಯಿಂದ ಬಿದ್ದ ಬೆಳಕನ್ನು ನೋಡಿ ಛಾಯಾಗ್ರಾಹಕರು ನನ್ನ ಬೆನ್ನು ತಟ್ಟಿದರು.

ಎರಡನೆಯ ದಿನ ನಾನಲ್ಲಿರಲಿಲ್ಲ. ಕಾಕನಕೋಟೆ ಕಡೆಯ ರಸ್ತೆಯಲ್ಲಿ ಒಂದು ಬೈಕ್ ದೃಶ್ಯವಿತ್ತು. ಅದರ ಅನುಮತಿಗಾಗಿ ಕೋಟೆ ಪಟ್ಟಣಕ್ಕೆ ಹೋಗಿ ಅರಣ್ಯ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತಿದ್ದೆ. ನಾನು ವಾಪಸ್ ಬಂದಾಗ ಗೋಣಿತಾಟು ಗೋಡೆಯ ಮೇಲೆಯೇ ಇತ್ತು. ಬೆಳಿಗ್ಗೆ ಅದನ್ನು ಕಿತ್ತು, ಒಂದು ದೃಶ್ಯ ತೆಗೆದು, ಮತ್ತೆ ಹೊಡೆದಿದ್ದರು ಎನ್ನುವುದು ನನಗೆ ತಿಳಿಯಲಿಲ್ಲ. ಯಾರೂ ಹೇಳಲಿಲ್ಲ. ಮತ್ತೆ ಹೊಡೆದಿದ್ದರು ಎನ್ನುವುದೇ ಈಗಲೂ ನನ್ನ ಮೈ ಉರಿಸುತ್ತದೆ. ತಿಳಿಯದೆ ಮಾಡಿದ್ದರೆ ಮತ್ತೆ ಯಾಕೆ ಮುಚ್ಚಬೇಕು?

ಮೂರನೆಯ ದಿನ ಮುಗಿಸಿ, ನೆಲ ಗುಡಿಸಿ, ಕಳೆಗಿಡದ ಪುಡಿಯನ್ನೆಲ್ಲ ಚೀಲಕ್ಕೆ ತುಂಬಿಸಿ, ಅಕ್ಕನ ಕೈಗೆ ಬೀಗದ ಕೈ ಕೊಟ್ಟು ಬಂದೆ. ಅಕ್ಕ ಮೊಸರನ್ನ ಕೊಟ್ಟು ಕಳಿಸಿದರು.

ಟ್ರೈಲರ್ ಬಂದಾಗ ಊರೆಲ್ಲ ಹೊಗೆಸೊಪ್ಪಿನ ವಾಸನೆ. ಹೋದಲ್ಲೆಲ್ಲ ಬ್ಯಾರನ್‌ಗಳ ಒಲೆ ಉರಿಯುತ್ತಿದ್ದ ಕಾಲ. ನಾನು ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಇನ್ನೊಂದು ಕಂಪನಿಯ ಜಾಹೀರಾತಿಗೆ ಅಂಗಡಿ ನೋಡುತ್ತಿದ್ದೆ. ಅಕ್ಕನ ಫೋನ್ ಬಂತು.

"ತಮ್ಮಯ್ಯ, ನನ್ ಹೆಸ್ರು ಫೋನ್‌ನಾಗೆ ಬಂದದೆ."

"ಯಾವ ಫೋನಕ್ಕ?"

"ಎಲ್ರ ಫೋನ್‌ನಾಗೂ ಕಣಪ್ಪ. ನೋಡು ನೀನೇ."

ಅಲ್ಲೇ ನಿಂತು ನೋಡಿದೆ. ಟ್ರೈಲರಿನ ನಡುವೆ ಒಂದು ದೃಶ್ಯ. ಕಥೆಯ ನಾಯಕ, ಆ ಬೀದಿ ಮಾರಾಟಗಾರ, ಬ್ಯಾರನ್ ಗೋಡೆಗೆ ಒರಗಿ ನಿಂತಿದ್ದಾನೆ. ತಲೆಯ ಮೇಲೆ ನೀಲಿ ಅಕ್ಷರದಲ್ಲಿ ಅಕ್ಕನ ಹೆಸರು, ನಂಬರ್, ಒಂದು ಅಕ್ಷರವೂ ಮಾಸಿಲ್ಲ. ಅವನು ಕ್ಯಾಮೆರಾ ನೋಡಿ ಹೇಳುತ್ತಾನೆ: "ಸೊಪ್ಪು ಬೇಕಾ? ಬ್ಯಾರನ್‌ಗೆ ಬಾ."

ಪೇಟೆಯ ಪಡ್ಡೆಗಳ ಭಾಷೆಯಲ್ಲಿ ಸೊಪ್ಪು ಎಂದರೆ ಗಾಂಜಾ. ಸಂಭಾಷಣೆ ಬರೆದವರಿಗೆ ಅದು ಗೊತ್ತಿತ್ತು. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸೊಪ್ಪು ಎಂದರೆ ಹೊಗೆಸೊಪ್ಪು. ಸೊಪ್ಪು ಮುರಿಯುವುದು, ಸೊಪ್ಪು ಕಟ್ಟುವುದು, ಸೊಪ್ಪು ಬೇಯಿಸುವುದು ಎಂದು ದಿನಕ್ಕೆ ನೂರು ಸಲ ಹೇಳುವ ಮಾತು. ಮಕ್ಕಳ ಶಾಲೆಯ ಫೀಸು, ಮನೆಯ ಹೆಂಚು, ಮದುವೆ ಎಲ್ಲ ಆ ಪದದ ಮೇಲೆ ನಡೆದಿವೆ. ಹೊಗೆಸೊಪ್ಪು ಒಳ್ಳೆಯದೋ ಕೆಟ್ಟದ್ದೋ ಎನ್ನುವ ವಾದ ಬೇರೆ, ಅದು ನಮ್ಮಲ್ಲೂ ನಡೆಯುತ್ತದೆ. ಆದರೆ ಅದು ಲೈಸೆನ್ಸ್ ಇರುವ, ಸರ್ಕಾರದ ಕಣ್ಣ ಮುಂದೆಯೇ ಹರಾಜಾಗುವ ಬೆಳೆ. ಒಂದೇ ವಾಕ್ಯದಲ್ಲಿ ಅದನ್ನು ಗಾಂಜಾ ಮಾಡಿ, ಅದರ ಕೆಳಗೆ ಒಬ್ಬ ಹೆಂಗಸಿನ ಹೆಸರು ಬರೆದು ಬಿಟ್ಟಿದ್ದರು.

ನಾನು ಪ್ರೊಡಕ್ಷನ್ ಮ್ಯಾನೇಜರಿಗೆ ಫೋನ್ ಮಾಡಿದೆ. "ನೋಡಿದ್ರಾ? ಟ್ರೈಲರ್ ಏನ್ ಓಡ್ತಾ ಇದೆ ಅಂತ! ಆ ಬ್ಯಾರನ್ ಶಾಟ್‌ಗೇ ಎಲ್ಲರೂ ರೀಲ್ಸ್ ಮಾಡ್ತಿದಾರೆ" ಎಂದರು. ನಾನು ಗೋಡೆಯ ಬರಹದ, ಪತ್ರದಲ್ಲಿ ಕೈಯಲ್ಲಿ ಬರೆದಿದ್ದ ಸಾಲಿನ ಮಾತೆತ್ತಿದೆ. "ಅಯ್ಯೋ ಬಿಡ್ರೀ, ಅವರಿಗೆ ಪುಕ್ಕಟೆ ಪ್ರಚಾರ" ಎಂದು ನಕ್ಕರು.

ಪ್ರಚಾರ ಹೇಗೆ ಬಂತು ಎಂದು ಅದರ ಮೂರನೆಯ ದಿನ ಗೊತ್ತಾಯಿತು. ಗೋಡೆಯ ಹೆಸರು, ನಂಬರ್ ಹಿಡಿದು ವಿಚಾರಿಸಿಕೊಂಡು ಬೈಕಿನಲ್ಲಿ ನಾಲ್ವರು ಬಂದಿದ್ದರು, ಯಾವ ಊರಿನವರೋ. ನಾಯಕನ ಹಾಗೆ ಗೋಡೆಗೆ ಒರಗಿ ವಿಡಿಯೊ ಮಾಡಿಕೊಂಡರು. ಅಕ್ಕ ಹೊಲದಲ್ಲಿ ಎಲೆ ಮುರಿಸುತ್ತಿದ್ದರು, ಒಲೆಗೆ ದಪ್ಪ ಕೊರಡು ಒಟ್ಟಿ ಹೋಗಿದ್ದರು. ಬಂದವರಿಗೆ ಗೋಡೆ ಸಾಕಾಗಲಿಲ್ಲ. ಚಿಲಕ ತೆಗೆದು ಬಾಗಿಲು ಹಾರುಹೊಡೆದು ಒಳಗೂ ವಿಡಿಯೊ ಮಾಡಿದರು, ಹಾಗೇ ಬಿಟ್ಟು ಹೋದರು. ಬ್ಯಾರನ್ ಒಳಗೆ ಹಳದಿ ನಿಲ್ಲುವ ಹಂತದಲ್ಲಿದ್ದ ಸೊಪ್ಪಿತ್ತು.

ನಾನು ಹೋಗಿ ನೋಡಿದಾಗ ಅಕ್ಕ ಎಲೆಗಳನ್ನು ಕಡ್ಡಿಯಿಂದ ಇಳಿಸುತ್ತಿದ್ದರು. ಬಾಗಿಲ ಕಡೆಯ ಸಾಲುಗಳೆಲ್ಲ ಕಂದುಗಟ್ಟಿ, ಮುಟ್ಟಿದರೆ ತಣ್ಣಗೆ, ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿದ್ದವು. ಮೇಲಿನ ಸಾಲುಗಳಲ್ಲಿ ಹಳದಿ ಇತ್ತು, ಆದರೆ ಎಲೆಯ ತುಂಬ ಚುಕ್ಕೆ. ಅಕ್ಕ ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದರು.

"ನೋಡು. ನಾಕ್ ದಿನ ನಿದ್ದೆ ಕೆಟ್ಟು ಸಾಕಿದ್ದು ಇದ. ಬಾಗ್ಲು ತಗುದ್ರಲ್ಲ, ಕೇಳಾಕ್ ಒಬ್ರಾರ ಬಂದ್ರಾ? ಕೇಳಿದ್ರೆ ಏನಂತಾರೆ, ಗಾಂಜಾ ಮನೆ ಅಂತಾರೆ. ಗಾಂಜಾ ಮನೆ ಬಾಗ್ಲು ಯಾರ್ ಬೇಕಾದ್ರೂ ತಗೀಬೌದು ಅಲ್ವಾ?"

ಅಕ್ಕ ಆ ಎಲೆಯನ್ನು ರಾಶಿಗೆ ಎಸೆದು ನನ್ನ ಕಡೆ ತಿರುಗಿದರು.

"ಪೊಲೀಸ್ ಪಿಚ್ಚರ್ ಅಂದ್ಯಲ್ಲಪ್ಪ."

ಅಕ್ಕ ಮನೆಗೆ ಹೋಗಿ ಒಂದು ಕಾಗದ ತಂದರು. ಲೈಸೆನ್ಸ್ ಕೊಡುವ ಕಚೇರಿಯಿಂದ ಬಂದಿತ್ತು. ಬ್ಯಾರನ್ ಹೊಗೆಸೊಪ್ಪು ಬಿಟ್ಟು ಬೇರೆ ಉದ್ದೇಶಕ್ಕೆ ಬಳಕೆಯಾಗಿರುವ ವಿಡಿಯೊ ಗಮನಕ್ಕೆ ಬಂದಿದೆ, ಹರಾಜು ಶುರುವಾಗುವ ಮುಂಚೆ ಲಿಖಿತ ವಿವರಣೆ ಕೊಡಿ ಎಂದಿತ್ತು. ಅಧಿಕಾರಿಗಳನ್ನು ನಾನು ದೂರುವುದಿಲ್ಲ. ಯಾರೋ ದೂರು ಬರೆದಿದ್ದರು, ಅವರು ಕೇಳಬೇಕಾದ್ದನ್ನು ಕೇಳಿದ್ದರು. ಆದರೆ ಲೈಸೆನ್ಸ್ ತಡೆದರೆ ಅಕ್ಕ ಉಳಿದ ಸೊಪ್ಪನ್ನೂ ಹರಾಜಿಗೆ ಒಯ್ಯುವ ಹಾಗಿರಲಿಲ್ಲ.

ಅಲ್ಲಿಂದಲೇ ನಿರ್ದೇಶಕರಿಗೆ ಫೋನ್ ಮಾಡಿದೆ. ಬ್ಯಾರನ್ ಮುಂದೆ ನಿಂತೇ ಮಾತಾಡಿದೆ.

"ಸಾರ್, ಮುಚ್ಚಿದ್ದ ತಾಟು ತೆಗೆಸಿದ್ದು ಯಾರು?"

"ನಾನೇ. ಮೂಲದಲ್ಲಿ ಅವನ ಹಿಂದೆ ಕಂಟೇನರ್ ನಂಬರ್ ಇದೆ. ಅದೇ ಫ್ರೇಮ್ ಬೇಕಿತ್ತು. ಅಷ್ಟು ಚೆಂದದ ನಂಬರ್ ಇಟ್ಕೊಂಡು ಗೋಣಿಚೀಲ ತೋರಿಸೋಕಾಗುತ್ತಾ?"

"ಅದು ಕಂಟೇನರ್ ಸಾರ್. ಇದು ಒಬ್ಬರ ಹೆಸರು."

"ಹೆಸರು ಯಾರು ಓದ್ತಾರೆ? ಟೆಕ್ಸ್‌ಚರ್ ಅದು."

ಟೆಕ್ಸ್‌ಚರ್. ಎರಡು ವರ್ಷ ಕಚೇರಿ ಅಲೆದು ಗೋಡೆಗೆ ಬಂದ ಹೆಸರು ಆ ಮನುಷ್ಯನಿಗೆ ಬಣ್ಣದ ಕಲೆಯ ಹಾಗೆ ಕಂಡಿತ್ತು. ಮೂಲ ಚಿತ್ರವನ್ನು ಅವರು ನೂರು ಸಲ ನೋಡಿದ್ದರು. ತಮ್ಮ ಎದುರಿಗಿದ್ದ ಗೋಡೆಯನ್ನು ಒಂದು ಸಲವೂ ಓದಿರಲಿಲ್ಲ. ನಾನು ಫೋನ್ ಇಟ್ಟೆ.

ಒಂದು ವಾರ ಯಾರೂ ನನ್ನ ಫೋನ್ ಎತ್ತಲಿಲ್ಲ. ಆಮೇಲೆ ಮ್ಯಾನೇಜರೇ ಮಾಡಿದರು, ದನಿ ಬದಲಾಗಿತ್ತು. ಚಿತ್ರವನ್ನು ಕೊಂಡಿದ್ದ ಸಂಸ್ಥೆ ಎಲ್ಲ ಲೊಕೇಶನ್‌ಗಳ ಒಪ್ಪಿಗೆ ಪತ್ರಗಳ ಮೂಲ ಪ್ರತಿ ಕೇಳಿತ್ತು. ಅವು ಇಲ್ಲದೆ ಬಿಡುಗಡೆ ಇಲ್ಲ. ಹದಿನಾಲ್ಕೂ ನನ್ನ ಫೈಲಿನಲ್ಲಿದ್ದವು.

"ಆ ಬ್ಯಾರನ್ ಪತ್ರದಲ್ಲಿ ನೀವೇನೋ ಕೈಯಲ್ಲಿ ಬರೆದಿದೀರಂತೆ. ಅದು ಬೇಡ. ಹೊಸ ಪ್ರಿಂಟ್ ಕಳಿಸ್ತೀನಿ, ಹಳೇ ತಾರೀಖು ಹಾಕಿ, ಆ ಅಜ್ಜಿ ಹತ್ರ ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ."

"ಅವರು ಅಜ್ಜಿಯಲ್ಲ ಸಾರ್. ಹೆಬ್ಬೆಟ್ಟೂ ಅಲ್ಲ. ನಿಮಗಿಂತ ಸ್ಪಷ್ಟವಾಗಿ ಸಹಿ ಮಾಡ್ತಾರೆ. ಮಾಡೋ ಮುಂಚೆ ಓದ್ತಾರೆ ಕೂಡ."

ಮ್ಯಾನೇಜರ್ ಹೇಳಿದರು: "ನಿಮ್ಮಿಂದ ಆಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ಕಳಿಸ್ತೀನಿ. ಮುಂದಿನ ಮೂರು ಪ್ರಾಜೆಕ್ಟ್ ನಿಮ್ಮದೇ ಅಂತ ಇಟ್ಕೊಂಡಿದ್ದೆ."

ಆ ರಾತ್ರಿಯೆಲ್ಲ ಯೋಚಿಸಿದೆ ಎಂದೇನೂ ಹೇಳುವುದಿಲ್ಲ, ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಒಂದು ಸ್ಪಷ್ಟವಾಗಿತ್ತು. ಬೇರೆಯವನು ಹೋದರೆ ಅಕ್ಕನಿಗೆ ಹೊಸ ಸುಳ್ಳು ಹೇಳುತ್ತಾನೆ. ನಾನು ಫೈಲು ಬಚ್ಚಿಟ್ಟು ಕುಳಿತರೆ ಉಳಿದ ಹದಿಮೂರು ಕಡೆಯವರಿಗೆ ತೊಂದರೆ, ನನ್ನನ್ನು ಕಳ್ಳ ಎನ್ನುವುದೂ ಸುಲಭ. ಹದಿಮೂರು ಪತ್ರಗಳನ್ನು ಕೊರಿಯರ್ ಮಾಡಿದೆ. ಹದಿನಾಲ್ಕನೆಯದನ್ನು ಸ್ಕ್ಯಾನ್ ಮಾಡಿಸಿ, ಕೈಬರಹದ ಸಾಲಿನ ಇಂಗ್ಲಿಷ್ ಅರ್ಥವನ್ನು ಕೆಳಗೆ ಬರೆದು, ಟ್ರೈಲರಿನ ಆ ದೃಶ್ಯದ ಚಿತ್ರವನ್ನೂ ಲೈಸೆನ್ಸ್ ಕಚೇರಿಯ ಕಾಗದದ ಫೋಟೊವನ್ನೂ ಸೇರಿಸಿ, ಆ ಸಂಸ್ಥೆಯ ವಕೀಲರಿಗೆ ನೇರ ಕಳಿಸಲು ಪಿರಿಯಾಪಟ್ಟಣದ ಒಂದು ಸೈಬರ್ ಸೆಂಟರಿನಲ್ಲಿ ಕುಳಿತೆ. ಅವರ ವಿಳಾಸ ಮ್ಯಾನೇಜರ್ ಕಳಿಸಿದ ಮೇಲ್‌ನಲ್ಲೇ ಇತ್ತು.

ಪತ್ರ ಬರೆದು ಮುಗಿಸಿದೆ. ಓದಿ ನೋಡಿದರೆ ಎಲ್ಲ ತಪ್ಪೂ ನಿರ್ದೇಶಕರದು, ಎಲ್ಲ ಮೋಸವೂ ಮ್ಯಾನೇಜರರದು, ನಾನು ಹಾಲಿನಲ್ಲಿ ತೊಳೆದವನು. ಅಲ್ಲೇ ಮತ್ತೆ ಅರ್ಧ ಗಂಟೆ ಕೂತೆ. ಕೊನೆಗೆ ಇನ್ನೊಂದು ಪ್ಯಾರಾ ಸೇರಿಸಿದೆ: ಇದು ಗಾಂಜಾ ಮಾರುವವನ ಕಥೆ ಎಂದು ಆ ಮಹಿಳೆಗೆ ನಾನು ತಿಳಿಸಿರಲಿಲ್ಲ, ಪೊಲೀಸ್ ಚಿತ್ರ ಎಂದು ಹೇಳಿ ಒಪ್ಪಿಸಿದ್ದೆ, ಆದ್ದರಿಂದ ಈ ಒಪ್ಪಿಗೆಯೇ ಪೂರ್ತಿ ಸರಿಯಲ್ಲ. ಸೆಂಡ್ ಒತ್ತಿದೆ. ಹೋಯಿತು.

ಮರುದಿನ ವಕೀಲರು ಫೋನ್ ಮಾಡಿದರು. ಹೆಣ್ಣು ದನಿ, ಅಚ್ಚುಕಟ್ಟಾದ ಕನ್ನಡ.

"ಕೊನೆಯ ಪ್ಯಾರಾ ನಿಮ್ಮ ವಿರುದ್ಧವೇ ಬಳಸಬಹುದು. ಗೊತ್ತಿದ್ದು ಬರೆದಿದ್ದೀರಾ?"

"ಗೊತ್ತಿದ್ದೇ ಬರೆದೆ ಮೇಡಂ."

"ಆ ಹೆಂಗಸು ಈಗ ಏನು ಕೇಳ್ತಿದ್ದಾರೆ?"

ಅದನ್ನು ನಾನು ಊಹಿಸಿ ಹೇಳಲಿಲ್ಲ. ಅಕ್ಕನಿಗೇ ಫೋನ್ ಸೇರಿಸಿದೆ. ಅಕ್ಕ ಹೊಲದಲ್ಲಿದ್ದರು, ಗಾಳಿಯ ಸದ್ದು ಕೇಳುತ್ತಿತ್ತು. ವಕೀಲರು ಇಡೀ ಕಥೆಯನ್ನು, ಗಾಂಜಾ, ಮಾರಾಟ, ಕೊನೆಗೆ ಆ ನಾಯಕ ಸಾಯುವುದು, ಎಲ್ಲವನ್ನೂ ಅಕ್ಕನಿಗೆ ಹೇಳಿದರು. ನಾನು ಎರಡು ನಿಮಿಷದಲ್ಲಿ ಹೇಳಬಹುದಾಗಿದ್ದ ಮಾತು ಅದು.

"ಕತೆ ಏನಾರ ಮಾಡ್ಕಳಿ ತಾಯಿ" ಎಂದರು ಅಕ್ಕ. "ಬ್ಯಾರನ್ ತೋರ್ಸಿದ್ರೂ ತೋರ್ಸಿ, ಎಲ್ಲ ಬ್ಯಾರನ್ನೂ ಅಂಗೇ ಇರಾದು. ನನ್ ಹೆಸ್ರು ತಗೀರಿ, ನಂಬರ್ ತಗೀರಿ. ಬ್ಯಾರನ್‌ಗೆ ಬಾ ಅನ್ನಾದ ತಗೀರಿ. ಆಮ್ಯಾಕೆ ಈ ಬ್ಯಾರನ್‌ನಾಗೆ ಅಂಥದ್ದೇನೂ ನಡ್ದಿಲ್ಲ ಅಂತ ಆಪೀಸ್‌ಗೆ ಕನ್ನಡ್ದಲ್ಲಿ ಬರ್ಕೊಡಿ. ಇಂಗ್ಲಿಷ್‌ನಲ್ಲಿ ಬ್ಯಾಡ, ಅದ ನಾನು ಓದ್ಬೇಕು."

ಹತ್ತು ದಿನ ಹಿಡಿಯಿತು. ಟ್ರೈಲರ್ ಇಳಿಸಿ, ಗೋಡೆಯ ಬರಹವನ್ನು ಕಂಪ್ಯೂಟರಿನಲ್ಲಿ ಅಳಿಸಿ, ಮತ್ತೆ ಏರಿಸಿದರು. ಆ ದೃಶ್ಯದಲ್ಲೇ ಗೋಡೆ ಒಟ್ಟು ಏಳು ಕಡೆ ಬರುತ್ತಿತ್ತಂತೆ, ನಾಯಕ ಅಲ್ಲಾಡುವ ಎರಡು ಕಡೆ ಒಂದೊಂದು ಚೌಕಟ್ಟನ್ನೂ ಬಿಡಿಯಾಗಿ ತಿದ್ದಬೇಕಾಯಿತು. ಮಾತು ಬದಲಾಯಿಸುವುದು ಇನ್ನೂ ಕಷ್ಟವಾಯಿತು. ತುಟಿಯ ಚಲನೆಗೆ ಹೊಂದಬೇಕಲ್ಲ. ಕೊನೆಗೆ "ಬ್ಯಾರನ್‌ಗೆ ಬಾ" ಹೋಗಿ "ಗೋಡೌನ್‌ಗೆ ಬಾ" ಬಂತು. ಸೊಪ್ಪು ಎನ್ನುವ ಪದ ಉಳಿಯಿತು. ಅದನ್ನು ತೆಗೆದರೆ ಇಪ್ಪತ್ತು ದೃಶ್ಯ ಮತ್ತೆ ಡಬ್ ಮಾಡಬೇಕು, ಆಗುವುದಿಲ್ಲ ಎಂದರು. ಇವತ್ತಿಗೂ ಆ ಚಿತ್ರ ನೋಡುವವರು ನಮ್ಮ ಬೆಳೆಯ ಹೆಸರನ್ನು ಗಾಂಜಾ ಎಂದೇ ಕೇಳಿಸಿಕೊಳ್ಳುತ್ತಾರೆ. ಇದನ್ನು ನಾನು ಗೆಲುವು ಎಂದು ಹೇಳಿಕೊಳ್ಳಲಾರೆ. ಹಳೆಯ ತುಣುಕುಗಳು ಜನರ ಫೋನುಗಳಲ್ಲಿ ಓಡಾಡುತ್ತಲೇ ಇವೆ, ಅವನ್ನು ಯಾವ ಕಂಪ್ಯೂಟರೂ ಅಳಿಸುವುದಿಲ್ಲ. ಹಾಳಾದ ಸೊಪ್ಪಿಗೆ ಯಾರೂ ಜವಾಬ್ದಾರಿ ಹೊರಲಿಲ್ಲ. ಬಾಗಿಲು ತೆಗೆದವರು ನಾವಲ್ಲ ಎಂದರು. ನಿರ್ದೇಶಕರು ಒಂದು ಸಂದರ್ಶನದಲ್ಲಿ ಹಳ್ಳಿಯ ಜನ ಮನೆಯವರಂತೆ ಸಹಕಾರ ಕೊಟ್ಟರು ಎಂದು ಹೇಳಿದ್ದನ್ನು ಕೇಳಿದೆ. ಮನೆಯವರ ಹೆಸರನ್ನು ಹೀಗೆ ಗೋಡೆಗೆ ಹಚ್ಚಿ ತೋರಿಸುತ್ತಾರೆಯೇ?

ನನಗೆ ಆ ಕಂಪನಿಯಿಂದ ಮತ್ತೆ ಫೋನ್ ಬರಲಿಲ್ಲ. ಅವರ ಗೆಳೆಯರ ಕಂಪನಿಗಳಿಂದಲೂ ಬರಲಿಲ್ಲ.

ಕನ್ನಡದ ಪತ್ರ ಬಂದ ದಿನ ಅದನ್ನು ಹಿಡಿದು ಹಳ್ಳಿಗೆ ಹೋದೆ. ಅಕ್ಕ ಜಗಲಿಯ ಮೇಲೆ ಕುಳಿತು ಮೊದಲಿಂದ ಕೊನೆಯವರೆಗೆ ಓದಿದರು. ಮಡಚಿ ರವಿಕೆಯೊಳಗೆ ಇಟ್ಟುಕೊಂಡರು. ಮಾರನೆಯ ದಿನ ಕಚೇರಿಗೆ ಕೊಡುತ್ತೇನೆ ಎಂದರು. ನಾನು ಹೊರಡಲು ಎದ್ದು, ಅಷ್ಟು ದಿನ ಆಡಲಾಗದೆ ಉಳಿದದ್ದನ್ನು ಹೇಳಿದೆ.

"ಅಕ್ಕ, ನಂದು ತಪ್ಪಾಯ್ತು. ಪೊಲೀಸ್ ಪಿಚ್ಚರ್ ಅಂತ ಅವತ್ತು..."

"ನನ್ ತಾವ ಹೇಳಿ ಏನ್ ಮಾಡೀಯೆ?" ಎಂದು ಅಕ್ಕ ಮಾತು ತಡೆದರು. "ನಂಗೊತ್ತು, ನನ್ ಮನೇಲಿ ಗಾಂಜಾ ಇರ್ನಿಲ್ಲ ಅಂತ. ಗೊತ್ತಿಲ್ದೋರ್ ತಾವ ಹೇಳು. ನಡಿ."

ಹಾಲಿನ ಕ್ಯಾನ್ ಎತ್ತಿಕೊಂಡು ಮುಂದೆ ನಡೆದರು. ಸಂಜೆ ಐದೂವರೆ. ಡೇರಿಯ ಮುಂದೆ ಮೂವತ್ತು ಜನ ಸಾಲು ನಿಂತಿದ್ದರು, ಹೆಂಗಸರು, ಗಂಡಸರು, ಒಲೆ ನೋಡಲು ಹೋಗಬೇಕೆಂದು ಅವಸರದಲ್ಲಿದ್ದವರು. ಅಕ್ಕನನ್ನು ನೋಡಿ ಮಾತು ನಿಂತಿತು. ಆ ಮೌನ ಹೊಸದಲ್ಲ ಎನ್ನುವುದು ಅಕ್ಕ ಯಾರ ಮುಖವನ್ನೂ ನೋಡದೆ ಸಾಲಿನ ಕೊನೆಗೆ ನಿಂತದ್ದರಲ್ಲೇ ತಿಳಿಯುತ್ತಿತ್ತು. ಸುಮಾರು ಒಂದು ತಿಂಗಳು ದಿನಕ್ಕೆರಡು ಸಲ ಹಾಗೆ ಬಂದು ನಿಂತಿದ್ದಾರೆ.

"ಹೇಳು" ಎಂದರು.

ನಾನು ಸಾವಿರ ಜನರ ಗುಂಪನ್ನು ಶೂಟಿಂಗ್‌ನಲ್ಲಿ ಹಿಂದೆ ಸರಿಸಿದವನು. ಅಲ್ಲಿ ಮೂವತ್ತು ಜನರ ಮುಂದೆ ಎರಡು ಸಲ ಮಾತು ಶುರು ಮಾಡಬೇಕಾಯಿತು. ಹೇಳಿದೆ. ನಾನು ಯಾರು, ಏನು ಹೇಳಿ ಬ್ಯಾರನ್ ಕೇಳಿದೆ, ಏನನ್ನು ಹೇಳಲಿಲ್ಲ, ಅಕ್ಕ ಏನು ಬರೆಸಿಕೊಂಡಿದ್ದರು, ಯಾರು ತಾಟು ಕಿತ್ತರು, ಒಳಗಿದ್ದದ್ದು ಕಳೆಗಿಡದ ಪುಡಿ ಎನ್ನುವುದು, ಎಲ್ಲ. ಅಳತೆ ಮಾಡುತ್ತಿದ್ದ ಡೇರಿ ಕಾರ್ಯದರ್ಶಿ ಕೈ ನಿಲ್ಲಿಸಿ ಕೇಳಿಸಿಕೊಂಡ.

"ಅಂದ್ರೆ ಅಕ್ಕಂಗೆ ಏನೂ ಗೊತ್ತಿರ್ನಿಲ್ವಾ?" ಎಂದ ಸಾಲಿನಲ್ಲಿದ್ದ ಒಬ್ಬ.

"ಏನೂ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ."

ಸಾಲು ಮುಂದೆ ಸರಿಯಿತು. ಅಕ್ಕನ ಸರದಿ ಬಂತು, ಹಾಲು ಸುರಿದರು, ಚೀಟಿ ಇಸಕೊಂಡರು. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ, ಅಕ್ಕನ ಹೊಲಕ್ಕೆ ಅಂಟಿಕೊಂಡೇ ಹೊಲ ಇರುವ ಒಬ್ಬ ಗಂಡಸು ಖಾಲಿ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ಹೇಳಿದ:

"ಅಕ್ಕ, ಆ ವಿಡಿಯೊವ ನಾನೂ ನಾಕ್ ಜನಕ್ಕೆ ಕಳ್ಸ್‌ಬುಟ್ಟಿದ್ದೆ ಕಣಕ್ಕ. ತಮಾಸೆಗೆ."

ಅಕ್ಕ ಕ್ಯಾನಿನ ಮುಚ್ಚಳ ಹಾಕಿ ಭದ್ರ ಮಾಡಿದರು.

"ಗೊತ್ತು ಕಣಪ್ಪ" ಎಂದರು. "ನಂಗ್ ಬಂದದ್ದೂ ನಿನ್ ಫೋನಿಂದ್ಲೇ."